ಎರಡೂ ಕೈಗಳಿದ್ದ ನೆಲ್ಸನ್

ಮಗಳು ಲಂಡನ್‌ನಿಂದ ಬರುವಾಗ ಒಂದು ಪೋಸ್ಟ್‌ಕಾರ್ಡ್ ತಂದಿದ್ದಳು. ಗ್ರೀನಿಚ್‌ನ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯದ ಒಂದು ತೈಲಚಿತ್ರದ ಪ್ರತಿ ಅದು. ನೌಕಾಪಡೆಯ ಸಮವಸ್ತ್ರ ತೊಟ್ಟ ತೆಳ್ಳನೆಯ ಯುವಕ, ಎರಡೂ ಕೈಗಳನ್ನು ಕತ್ತಿಯ ಹಿಡಿಯ ಮೇಲಿಟ್ಟು ನಿಂತಿದ್ದಾನೆ. ಹೆಸರು ಓದಿ ಅಚ್ಚರಿಯಾಯಿತು: ಹೊರೇಷಿಯೋ ನೆಲ್ಸನ್! ನಾನು ಶಾಲೆಯಲ್ಲಿ ಓದಿದ್ದ ನೆಲ್ಸನ್‌ಗೆ ಒಂದು ಕೈ ಇರಲಿಲ್ಲ, ಒಂದು ಕಣ್ಣು ಕಾಣುತ್ತಿರಲಿಲ್ಲ.

ನೆಲ್ಸನ್ ಹುಟ್ಟಿದ್ದು 1758ರಲ್ಲಿ, ಇಂಗ್ಲೆಂಡಿನ ಬರ್ನಮ್ ಥಾರ್ಪ್ ಎಂಬ ಹಳ್ಳಿಯಲ್ಲಿ. ತಂದೆ ಪಾದ್ರಿ, ಮನೆ ತುಂಬ ಮಕ್ಕಳು. ಒಂಬತ್ತನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡ. ಹನ್ನೆರಡು ವರ್ಷದ ಹುಡುಗನನ್ನು ಸೋದರಮಾವ ಮಾರಿಸ್ ಸಕ್ಲಿಂಗ್ ತಮ್ಮ ಹಡಗಿಗೆ ಸೇರಿಸಿಕೊಂಡರು. ಹಡಗಿನ ಓಲಾಟಕ್ಕೆ ಬರುವ ವಾಂತಿ, ತಲೆಸುತ್ತು ಅವನನ್ನು ಕೊನೆಯವರೆಗೂ ಕಾಡಿದವು. ಆದರೂ ಅವನು ಕಡಲು ಬಿಡಲಿಲ್ಲ.

ನಮ್ಮ ಮುಂಬಯಿಗೂ ಅವನು ಬಂದಿದ್ದ ಎಂಬುದು ನನಗೆ ಗೊತ್ತೇ ಇರಲಿಲ್ಲ. 'ಸೀಹಾರ್ಸ್' ಹಡಗಿನಲ್ಲಿ ಮದರಾಸು, ಬಂಗಾಳ, ಮುಂಬಯಿ ಸುತ್ತುತ್ತಿದ್ದಾಗ 1775ರ ಕೊನೆಯ ಹೊತ್ತಿಗೆ ಜ್ವರ ಹಿಡಿಯಿತು, ಬಹುಶಃ ಮಲೇರಿಯಾ. ಆಗ ಅವನಿಗೆ ಹದಿನೇಳು. ಬದುಕುವ ಭರವಸೆಯೇ ಕಡಿಮೆ ಎನ್ನುವ ಸ್ಥಿತಿಯಲ್ಲಿ 1776ರಲ್ಲಿ 'ಡಾಲ್ಫಿನ್' ಹಡಗಿನಲ್ಲಿ ಊರಿಗೆ ಕಳಿಸಿದರು. ತಿಂಗಳುಗಟ್ಟಲೆಯ ಆ ಪ್ರಯಾಣದಲ್ಲಿ ಮೊದಲು ಪೂರ್ತಿ ಕುಗ್ಗಿಹೋದವನು, ನಂತರ ದೇಶಕ್ಕಾಗಿ ಏನಾದರೂ ಸಾಧಿಸಿಯೇ ತೀರುವೆನೆಂದು ನಿಶ್ಚಯಿಸಿಕೊಂಡನಂತೆ.

1777ರಲ್ಲಿ ಲೆಫ್ಟಿನೆಂಟ್ ಆದ. ಅವನನ್ನು ಮಗನಂತೆ ಕಂಡ ಕ್ಯಾಪ್ಟನ್ ವಿಲಿಯಂ ಲಾಕರ್ ಅವರಿಗಾಗಿ ಚಿತ್ರಕಾರ ರಿಗೋ ಈ ಚಿತ್ರ ಶುರುಮಾಡಿದ. ಮುಗಿಯುವ ಮೊದಲೇ ಹುಡುಗ ಕೆರಿಬಿಯನ್ ಕಡಲಿಗೆ ಹೊರಟ. ಇಪ್ಪತ್ತೊಂದು ತುಂಬುವ ಮೊದಲೇ ಕ್ಯಾಪ್ಟನ್ ಆದ. 1780ರಲ್ಲಿ ನಿಕರಾಗುವಾದ ಸಾನ್ ಹುವಾನ್ ಕೋಟೆಯ ದಂಡಯಾತ್ರೆಗೆ ಹೋಗಿ ಮತ್ತೆ ಸಾಯುವಷ್ಟು ಕಾಯಿಲೆ ಬಿದ್ದ. ಅವನ ಹಡಗಿನವರಲ್ಲಿ ಬಹುಪಾಲು ಜನ ರೋಗಕ್ಕೆ ಬಲಿಯಾದರು.

1781ರಲ್ಲಿ ಮರಳಿದಾಗ ರಿಗೋ ಅದೇ ಚಿತ್ರವನ್ನು ಮುಗಿಸಿದ. ಕ್ಯಾಪ್ಟನ್ ಸಮವಸ್ತ್ರ ತೊಡಿಸಿದ, ಹಿನ್ನೆಲೆಯಲ್ಲಿ ಆ ಕೋಟೆಯನ್ನು ಬರೆದ, ದುಂಡು ಮುಖವನ್ನು ಸಣ್ಣಗೆ ತಿದ್ದಿದ. ಎಕ್ಸ್-ರೇ ತೆಗೆದಾಗ ಕೆಳಗಿನ ಹದಿನೆಂಟರ ಮುಖ ಕಂಡಿತು.

ಮುಂದಿನದು ಎಲ್ಲರಿಗೂ ತಿಳಿದ ಕಥೆ. 1794ರಲ್ಲಿ ಬಲಗಣ್ಣಿನ ದೃಷ್ಟಿ, 1797ರಲ್ಲಿ ಬಲಗೈ, 1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್ ಯುದ್ಧದ ಗೆಲುವಿನಲ್ಲಿ ಪ್ರಾಣ. ಆಗ ಅವನಿಗೆ ನಲವತ್ತೇಳು.

ಅಷ್ಟು ಸುಲಭವಾಗಿ ತಲೆಬಾಗಲು ನನಗಾಗುವುದಿಲ್ಲ. ಹೆಂಡತಿ ಫ್ಯಾನಿಯನ್ನು ಬಿಟ್ಟು ಎಮ್ಮಾ ಹ್ಯಾಮಿಲ್ಟನ್ ಜೊತೆ ಬಾಳಿದ. ಎಮ್ಮಾ, ಮಗಳು ಹೊರೇಷಿಯಾ ಇಬ್ಬರನ್ನೂ ನೋಡಿಕೊಳ್ಳಿ ಎಂದು ಸಾಯುವ ಮುನ್ನ ದೇಶವನ್ನು ಬೇಡಿಕೊಂಡಿದ್ದ. ದೇಶ ಅವನಿಗೆ ಕಂಬ ನಿಲ್ಲಿಸಿತು. ಎಮ್ಮಾ 1815ರಲ್ಲಿ ಫ್ರಾನ್ಸಿನ ಕ್ಯಾಲೆಯಲ್ಲಿ ಬಡತನದಲ್ಲಿ ತೀರಿಕೊಂಡಳು. ವೀರರ ಚಿತ್ರಗಳಲ್ಲಿ ಅವರ ಮನೆಯ ಹೆಂಗಸರ ಪಾಡು ಕಾಣುವುದಿಲ್ಲ.

ಪೋಸ್ಟ್‌ಕಾರ್ಡ್ ಈಗ ನನ್ನ ಪುಸ್ತಕದ ಕಪಾಟಿನಲ್ಲಿದೆ. ಅದನ್ನು ನೋಡಿದಾಗಲೆಲ್ಲ ಸೇನಾನಿಗಿಂತ ಹೆಚ್ಚಾಗಿ, ನಮ್ಮ ಇದೇ ಮುಂಬಯಿಯಲ್ಲಿ ಜ್ವರದಿಂದ ನಡುಗುತ್ತ ಮಲಗಿದ್ದ ತಾಯಿಯಿಲ್ಲದ ಹುಡುಗನೇ ನೆನಪಾಗುತ್ತಾನೆ.