ಆಟದಲ್ಲಿ ಅರಳಿದ ವ್ಯಾಕರಣ

ವ್ಯಾಕರಣವೆಂದೊಡನೆ ಅನೇಕ ವಿದ್ಯಾರ್ಥಿಗಳ ಮುಖ ಬಾಡುತ್ತದೆ. ನಾಮಪದದ ಲಕ್ಷಣವನ್ನು ಒಂದಕ್ಷರವೂ ತಪ್ಪದಂತೆ ಒಪ್ಪಿಸುವ ಬಾಲಕನು, ಕೊಟ್ಟ ವಾಕ್ಯದಲ್ಲಿ ನಾಮಪದ ಯಾವುದೆಂದು ಕೇಳಿದರೆ ತಡವರಿಸುವುದುಂಟು. ಅರ್ಥವರಿಯದೆ ಮಾಡಿದ ಕಂಠಪಾಠವು ನಾಲಗೆಯ ಮೇಲೆ ನಿಲ್ಲುವುದೇ ಹೊರತು ಬುದ್ಧಿಗೆ ಇಳಿಯುವುದಿಲ್ಲ. ಇಂತಹ ವ್ಯಾಕರಣವನ್ನು ಆಗತಾನೆ ಓದಲು ಕಲಿತ ಎಳೆಯರೂ ಸಂತೋಷದಿಂದ ಗ್ರಹಿಸಬಲ್ಲರೆಂದು ತೋರಿಸಿಕೊಟ್ಟವರು ಇಟಲಿಯ ಮರಿಯಾ ಮಾಂಟೆಸ್ಸೋರಿ.

ಮಾಂಟೆಸ್ಸೋರಿಯವರು 1870ರ ಆಗಸ್ಟ್ 31ರಂದು ಇಟಲಿಯ ಕಿಯಾರವಲ್ಲೆ ಎಂಬ ಊರಿನಲ್ಲಿ ಜನಿಸಿದರು. ಅವರು ಚಿಕ್ಕವರಿದ್ದಾಗಲೇ ಕುಟುಂಬವು ರೋಮ್ ನಗರಕ್ಕೆ ಬಂದು ನೆಲೆಸಿತು. ಹೆಣ್ಣುಮಕ್ಕಳಿಗೆ ಉಪಾಧ್ಯಾಯ ವೃತ್ತಿಯೊಂದೇ ತಕ್ಕುದೆಂದು ಜನರು ನಂಬಿದ್ದ ಕಾಲವದು. ಮರಿಯಾ ಅವರಾದರೋ ವೈದ್ಯಶಾಸ್ತ್ರವನ್ನು ಓದಲು ನಿಶ್ಚಯಿಸಿದರು. ತಂದೆಗೆ ಇದು ರುಚಿಸಲಿಲ್ಲ. ತಾಯಿ ಮಗಳಿಗೆ ಬೆಂಬಲವಾಗಿ ನಿಂತರು. ಪುರುಷ ವಿದ್ಯಾರ್ಥಿಗಳ ಜೊತೆಯಲ್ಲಿ ಸ್ತ್ರೀಯೊಬ್ಬಳು ಶವಚ್ಛೇದನ ಮಾಡುವುದು ಸಲ್ಲದೆಂಬ ಕಾರಣದಿಂದ, ಎಲ್ಲರೂ ಹೊರಟುಹೋದ ಮೇಲೆ ಅವರೊಬ್ಬರೇ ಆ ಕೊಠಡಿಯಲ್ಲಿ ಅಭ್ಯಾಸ ಮಾಡಬೇಕಾಗಿತ್ತು. ಅವರು ಹಿಂಜರಿಯಲಿಲ್ಲ. 1896ರಲ್ಲಿ ಪದವಿ ಪಡೆದು ಇಟಲಿಯ ಮೊದಮೊದಲ ವೈದ್ಯೆಯರಲ್ಲಿ ಒಬ್ಬರೆನಿಸಿದರು.

ರೋಮಿನ ಮಾನಸಿಕ ಚಿಕಿತ್ಸಾಲಯಗಳಲ್ಲಿ ಬುದ್ಧಿಮಾಂದ್ಯರೆಂದು ಹೆಸರಿಟ್ಟು ಕೂಡಿಹಾಕಿದ್ದ ಮಕ್ಕಳನ್ನು ಕಂಡು ಅವರ ಹೃದಯ ಮರುಗಿತು. ಈ ಮಕ್ಕಳಿಗೆ ಔಷಧಕ್ಕಿಂತ ಹೆಚ್ಚಾಗಿ ಶಿಕ್ಷಣ ಬೇಕೆಂದು ಅವರಿಗೆ ತೋರಿತು. ಫ್ರಾನ್ಸಿನ ವೈದ್ಯರಾದ ಇಟಾರ್ ಮತ್ತು ಸೆಗ್ವಿನ್ ಅವರ ಗ್ರಂಥಗಳನ್ನು ಕೈಯಾರೆ ಬರೆದುಕೊಂಡು ಅಭ್ಯಸಿಸಿದರು. ಮುಟ್ಟಿ, ಎತ್ತಿ, ಜೋಡಿಸಿ ಕಲಿಯುವಂತಹ ಸಾಧನಗಳನ್ನು ಸಿದ್ಧಪಡಿಸಿದರು. ಅವರಲ್ಲಿ ಕಲಿತ ಕೆಲವು ಮಕ್ಕಳು ಸಾಮಾನ್ಯ ಶಾಲೆಯ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದಾಗ ಜನರು ಬೆರಗಾದರು. ಮಾಂಟೆಸ್ಸೋರಿಯವರನ್ನು ಮಾತ್ರ ಬೇರೊಂದು ಚಿಂತೆ ಕಾಡಿತು. ಈ ಮಕ್ಕಳೇ ಇಷ್ಟನ್ನು ಕಲಿಯಬಲ್ಲರಾದರೆ, ಆರೋಗ್ಯವಂತ ಮಕ್ಕಳು ಶಾಲೆಗಳಲ್ಲಿ ಇಷ್ಟನ್ನು ಮಾತ್ರ ಕಲಿಯುತ್ತಿರುವುದೇಕೆ?

ಉತ್ತರವನ್ನು ಹುಡುಕುವ ಅವಕಾಶ ಬೇಗನೆ ಒದಗಿತು. ರೋಮಿನ ಸ್ಯಾನ್ ಲೊರೆಂಜೊ ಬಡವರ ಬಡಾವಣೆ. ತಂದೆತಾಯಿಯರು ಕೂಲಿಗೆ ಹೋದರೆ ಎಳೆಯ ಮಕ್ಕಳು ಕೇಳುವವರಿಲ್ಲದೆ ಅಲೆಯುತ್ತ ಕಟ್ಟಡದ ಗೋಡೆಗಳನ್ನು ಕೆಡಿಸುತ್ತಿದ್ದರು. ಇವರನ್ನು ಒಂದೆಡೆ ಸೇರಿಸಿ ನೋಡಿಕೊಳ್ಳುವ ಹೊಣೆ ಮಾಂಟೆಸ್ಸೋರಿಯವರಿಗೆ ಬಂತು. 1907ರ ಜನವರಿ 6ರಂದು ಅಲ್ಲಿ ಮಕ್ಕಳ ಮನೆ ಆರಂಭವಾಯಿತು. ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದ ನಾಲ್ಕೈದು ವರ್ಷದ ಮಕ್ಕಳು, ಕೆಲವೇ ತಿಂಗಳುಗಳಲ್ಲಿ ಯಾರ ಒತ್ತಾಯವೂ ಇಲ್ಲದೆ ಪದಗಳನ್ನು ಬರೆಯತೊಡಗಿದರು.

ಬರೆಯಲೂ ಓದಲೂ ಬಲ್ಲ ಮಗುವಿಗೆ ಮುಂದಿನ ಹೆಜ್ಜೆ ವ್ಯಾಕರಣ. ಇಲ್ಲಿಯೂ ಮಾಂಟೆಸ್ಸೋರಿಯವರು ಲಕ್ಷಣವಾಕ್ಯದಿಂದ ಆರಂಭಿಸಲಿಲ್ಲ. ಅವರ ಪದ್ಧತಿಯಲ್ಲಿ ವಸ್ತುವಿನ ಹೆಸರನ್ನು ಬರೆದ ಚೀಟಿಯನ್ನು ಮಗು ಓದಿ, ಆ ವಸ್ತುವಿನ ಬಳಿ ಇಡುತ್ತದೆ. ಹಸುವೊಂದನ್ನು ತರಲು ಹೇಳಿದಾಗ ಆಟಿಕೆಯ ಹಸುಗಳಲ್ಲಿ ಯಾವುದನ್ನು ತರಬೇಕೆಂದು ಮಗು ಯೋಚಿಸುತ್ತದೆ; ಕಂದು ಹಸುವೆಂದೊಡನೆ ಸಂದೇಹ ಹರಿಯುತ್ತದೆ. ಗುಣವಾಚಕದ ಉಪಯೋಗ ಹೀಗೆ ತಾನಾಗಿ ತಿಳಿಯುತ್ತದೆ. ಮತ್ತೊಂದು ಚೀಟಿಯಲ್ಲಿ ನೆಗೆಯೆಂದಿರುತ್ತದೆ. ಮಗು ಅದನ್ನು ಓದಿ ನೆಗೆಯುತ್ತದೆ. ಹಸುವನ್ನು ಮೇಜಿನ ಮೇಲೆ ಇಡಬಹುದು, ನೆಗೆತವನ್ನು ಇಡಲಾಗದು. ಅದನ್ನು ಮಾಡಿಯೇ ತೋರಿಸಬೇಕು. ನಾಮಪದಕ್ಕೂ ಕ್ರಿಯಾಪದಕ್ಕೂ ಇರುವ ಅಂತರವನ್ನು ಮಗು ತನ್ನ ಮೈಯಿಂದಲೇ ಅರಿಯುತ್ತದೆ.

ಒಂದೊಂದು ಬಗೆಯ ಪದಕ್ಕೂ ಒಂದೊಂದು ಬಣ್ಣ, ಒಂದೊಂದು ಆಕಾರವಿರುವುದು ಈ ಪದ್ಧತಿಯ ಇನ್ನೊಂದು ವಿಶೇಷ. ನಾಮಪದಕ್ಕೆ ಕಪ್ಪು ತ್ರಿಕೋನ. ಅದು ಕದಲದೆ ನಿಲ್ಲುತ್ತದೆ. ಕ್ರಿಯಾಪದಕ್ಕೆ ಕೆಂಪು ವೃತ್ತ; ಅದು ಉರುಳುವ ಚೆಂಡಿನಂತೆ ಚಲನೆಯನ್ನು ಸೂಚಿಸುತ್ತದೆ. ಮಕ್ಕಳು ವಾಕ್ಯದ ಪದಗಳ ಮೇಲೆ ಈ ಗುರುತುಗಳನ್ನು ಇಡುತ್ತಾರೆ. ಪದಗಳ ಸ್ಥಾನವನ್ನು ಬದಲಿಸಿ, ಅರ್ಥ ಎಲ್ಲಿ ಕೆಡುತ್ತದೆಂದು ತಾವೇ ಕಂಡುಕೊಳ್ಳುತ್ತಾರೆ. ಲಕ್ಷಣವಾಕ್ಯವು ಕಟ್ಟಕಡೆಗೆ ಬರುತ್ತದೆ. ಆ ವೇಳೆಗೆ ಅದು ಮಗುವಿಗೆ ಅಪರಿಚಿತವಾಗಿರುವುದಿಲ್ಲ.

ಮಾಂಟೆಸ್ಸೋರಿಯವರ ಕೀರ್ತಿ ಹಲವು ದೇಶಗಳಿಗೆ ಹಬ್ಬಿತು. ಆದರೆ ಅವರ ದಾರಿ ಸುಗಮವಾಗಿರಲಿಲ್ಲ. ಮೊದಲು ಅವರ ಶಾಲೆಗಳಿಗೆ ಆಶ್ರಯವಿತ್ತಿದ್ದ ಸರ್ವಾಧಿಕಾರಿ ಮುಸೊಲಿನಿ, ಮಕ್ಕಳನ್ನು ತನ್ನ ಮತಕ್ಕೆ ಒಗ್ಗಿಸಲು ಅವರು ಸಮ್ಮತಿಸದಿದ್ದಾಗ ಮುನಿದನು. 1934ರಲ್ಲಿ ಇಟಲಿಯೊಂದಿಗೆ ಅವರ ಸಂಬಂಧ ಕಡಿದುಹೋಯಿತು. 1936ರಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧ ಆರಂಭವಾದುದರಿಂದ ಅಲ್ಲಿಯ ನೆಲೆಯನ್ನೂ ತೊರೆದು ನೆದರ್ಲೆಂಡ್ಸಿಗೆ ಹೋದರು.

1939ರಲ್ಲಿ, ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಮದರಾಸಿನ ಅಡ್ಯಾರಿನ ಥಿಯಸಾಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಅವರು ಮಗ ಮಾರಿಯೊ ಅವರೊಡನೆ ಭಾರತಕ್ಕೆ ಬಂದರು. ಉಪಾಧ್ಯಾಯರಿಗೆ ತರಬೇತಿ ಕೊಡಲು ಕೆಲವು ತಿಂಗಳ ಮಟ್ಟಿಗೆಂದು ಬಂದವರು ಅನೇಕ ವರ್ಷ ಇಲ್ಲಿಯೇ ಉಳಿಯಬೇಕಾಯಿತು. 1940ರಲ್ಲಿ ಇಟಲಿಯು ಬ್ರಿಟನ್ನಿನ ಮೇಲೆ ಯುದ್ಧ ಸಾರಿದೊಡನೆ, ಆಗ ಭಾರತವನ್ನಾಳುತ್ತಿದ್ದ ಬ್ರಿಟಿಷರು ಈ ತಾಯಿಮಕ್ಕಳನ್ನು ಶತ್ರುದೇಶದವರೆಂದು ಪರಿಗಣಿಸಿದರು. ಮಾರಿಯೊ ಅಹಮದ್‌ನಗರದಲ್ಲಿ ಬಂಧಿಯಾದರು. ವೃದ್ಧೆಯಾದ ತಾಯಿ ಪರದೇಶದಲ್ಲಿ ಒಂಟಿಯಾದರು. ತಾಯಿಯ ಎಪ್ಪತ್ತನೆಯ ಹುಟ್ಟುಹಬ್ಬದ ದಿನ ಸರ್ಕಾರವು ಮಗನನ್ನು ಬಿಡುಗಡೆ ಮಾಡಿತು.

ಕಷ್ಟಗಳು ಅವರ ಕಾರ್ಯವನ್ನು ಕುಂದಿಸಲಿಲ್ಲ. ಅಡ್ಯಾರ್, ಕೊಡೈಕೆನಾಲ್, ಅಹಮದಾಬಾದ್ ಮೊದಲಾದೆಡೆ ಅವರು ಬೋಧಿಸಿದರು. ಭಾರತದಲ್ಲಿ ಅವರಿಂದ ತರಬೇತಿ ಪಡೆದ ಉಪಾಧ್ಯಾಯರ ಸಂಖ್ಯೆ ಸಾವಿರವನ್ನು ಮೀರಿತು. ಹಲವು ನುಡಿಗಳ ನಾಡಾದ ಇಲ್ಲಿಯೂ ಮಗು ತನ್ನ ನುಡಿಯನ್ನು ಕೈಯಿಂದ, ಕಣ್ಣಿನಿಂದ, ನಡೆಯಿಂದ ಕಲಿಯಬಲ್ಲದೆಂಬ ಅವರ ನಂಬಿಕೆ ಗಟ್ಟಿಯಾಯಿತು.

1952ರ ಮೇ 6ರಂದು ನೆದರ್ಲೆಂಡ್ಸಿನ ನೋರ್ಡ್‌ವೈಕ್ ಎಂಬಲ್ಲಿ ಮಾಂಟೆಸ್ಸೋರಿಯವರು ತೀರಿಕೊಂಡರು. ಯುದ್ಧವೂ ಅಧಿಕಾರವೂ ಅವರನ್ನು ಒಂದು ನಾಡಿನಿಂದ ಇನ್ನೊಂದು ನಾಡಿಗೆ ಅಟ್ಟಿದ್ದವು. ಆದರೆ ಕಪ್ಪು ತ್ರಿಕೋನವನ್ನೂ ಕೆಂಪು ವೃತ್ತವನ್ನೂ ಕೈಗೆತ್ತಿಕೊಂಡು ಮಾತಿನ ಮರ್ಮವನ್ನು ತಾನೇ ಬಿಡಿಸಿಕೊಳ್ಳುವ ಮಗು ಎಲ್ಲಿದೆಯೋ ಅಲ್ಲೆಲ್ಲ ಅವರ ಬಾಳಿನ ದುಡಿಮೆ ಉಳಿದಿದೆ.