ಡಿಕನ್ಸನ ಶೀಘ್ರಲಿಪಿ

ಉಪನ್ಯಾಸವನ್ನು ಬೇಗ ಬರೆದುಕೊಳ್ಳಲೆಂದು ನಾನು ಒಮ್ಮೆ ಕೊಂಬು, ಗುಡಿಸುಗಳನ್ನೆಲ್ಲ ಬಿಟ್ಟು ಬರೆದೆ. ಮರುದಿನ ನನ್ನ ಬರಹ ನನಗೇ ಓದಲಾಗಲಿಲ್ಲ. ಚಾರ್ಲ್ಸ್ ಡಿಕನ್ಸನ ಮೇಲೆ ನನಗೆ ಗೌರವ ಹೆಚ್ಚಿದ್ದು ಅಂದು.

ಆತನು ಹುಟ್ಟಿದ್ದು 1812ರಲ್ಲಿ. 1824ರಲ್ಲಿ ತಂದೆ ಸಾಲಕ್ಕಾಗಿ ಸೆರೆಮನೆ ಸೇರಿದಾಗ ಬಾಲಕನು ಬೂಟಿನ ಮಸಿಯ ಕಾರ್ಖಾನೆಯಲ್ಲಿ ಭರಣಿಗಳಿಗೆ ಚೀಟಿ ಅಂಟಿಸುತ್ತಿದ್ದನು. ಮುಂದೆ ವಕೀಲರ ಗುಮಾಸ್ತನಾದನು. ಅಲ್ಲಿ ಏಳಿಗೆ ಕಾಣದೆ, ಗರ್ನಿಯ ಶೀಘ್ರಲಿಪಿಯ ಪುಸ್ತಕ ಹಿಡಿದು ಕಲಿಯಲು ಕುಳಿತನು. ಆ ಪದ್ಧತಿಯಲ್ಲಿ ಅಕ್ಷರಕ್ಕೊಂದು ಗೆರೆ. ಸ್ವರಗಳನ್ನು ಬಹುಮಟ್ಟಿಗೆ ಬಿಟ್ಟೇ ಬರೆಯಬೇಕು. ಅದು ಸಾಲದೆಂಬಂತೆ, ಕಾರಣವಿಲ್ಲದೆ ಗೊತ್ತುಮಾಡಿದ ಚಿಹ್ನೆಗಳ ಹಿಂಡೊಂದು ಬೇರೆ! ಒಂದನ್ನು ನೆನಪಿಟ್ಟರೆ ಇನ್ನೊಂದು ಮರೆಯುವುದು. ಈ ಪಾಡನ್ನೆಲ್ಲ ಆತನು ಮುಂದೆ ಡೇವಿಡ್ ಕಾಪರ್‌ಫೀಲ್ಡ್ ಕಾದಂಬರಿಯ ನಾಯಕನ ತಲೆಗೆ ಕಟ್ಟಿದನು.

ಇಪ್ಪತ್ತರ ಸುಮಾರಿಗೇ ಪಾರ್ಲಿಮೆಂಟಿನ ವರದಿಗಾರನಾದನು. 1834ರಲ್ಲಿ ಮಾರ್ನಿಂಗ್ ಕ್ರಾನಿಕಲ್ ಪತ್ರಿಕೆ ಸೇರಿದನು. ದೂರದೂರುಗಳ ಭಾಷಣಗಳನ್ನು ಗುರುತುಹಾಕಿಕೊಂಡು, ರಾತ್ರಿ ಓಡುವ ಕುದುರೆಗಾಡಿಯಲ್ಲಿ ಲಾಂದ್ರದ ಬೆಳಕಿಗೆ ಅಂಗೈಮೇಲೆ ಕಾಗದವಿಟ್ಟು ಅಚ್ಚಿಗೆ ಪ್ರತಿ ಮಾಡುತ್ತಿದ್ದನು. ಬರೆದದ್ದಕ್ಕಿಂತ ಹಾಗೆ ಓದಿದ್ದೇ ನನಗೆ ಸೋಜಿಗ.

1870ರಲ್ಲಿ ಆತನು ತೀರಿಕೊಂಡನು. 1859ರ ಸುಮಾರಿಗೆ ಆತನು ಶೀಘ್ರಲಿಪಿಯಲ್ಲಿ ಬರೆದಿದ್ದ ಪತ್ರವೊಂದು ಮಾತ್ರ ಯಾರಿಗೂ ಬಿಡಿಸಲಾಗದೆ ಉಳಿದಿತ್ತು. 2022ರಲ್ಲಿ ಹವ್ಯಾಸಿಗಳು ವಿದ್ವಾಂಸರೊಡನೆ ಕೂಡಿ ಅದರ ಬಹುಭಾಗವನ್ನು ಓದಿದರು. ತನ್ನ ಜಾಹೀರಾತನ್ನು ತಿರಸ್ಕರಿಸಿದರೆಂದು ಟೈಮ್ಸ್ ಪತ್ರಿಕೆಯ ಸಂಪಾದಕರಿಗೆ ಬರೆದ ದೂರು ಅದು!