ಜರ್ಮನ್ ಪದವಿಪತ್ರದ ವೈದ್ಯರು

ವಾಚಕರೇ, ಆಫ್ರಿಕಾ ಖಂಡದ ಪಶ್ಚಿಮ ಭಾಗದಲ್ಲಿ ಗಬೋನ್ ಎಂಬ ದೇಶವುಂಟು. ಅಲ್ಲಿ ಒಗೊವೆ ಎಂಬ ಮಹಾನದಿಯ ದಡದಲ್ಲಿರುವ ಲಾಂಬರೆನೆ ಎಂಬ ಊರಿನಲ್ಲಿ ರೋಗಿಗಳಿಗಾಗಿ ತಮ್ಮ ಆಯುಷ್ಯವನ್ನು ಸವೆಯಿಸಿ, 1965ನೆಯ ಸಪ್ಟೆಂಬರ್ 4ರಂದು ನಿದ್ರೆಹೋದ ಡಾಕ್ಟರ್ ಆಲ್ಬರ್ಟ್ ಶ್ವೈಟ್ಜರರ ಹೆಸರನ್ನು ನಮ್ಮ ಸಭೆಗಳಲ್ಲಿ ಅನೇಕರು ಕೇಳಿರುವರು. ಅವರಿಗೆ 1952ನೆಯ ವರುಷದ ನೊಬೆಲ್ ಶಾಂತಿ ಬಹುಮಾನವು ದೊರೆತದ್ದನ್ನೂ ಕೆಲವರು ಬಲ್ಲರು. ಆದರೆ ಆ ಊರಿನಲ್ಲಿ ಒಬ್ಬ ರೋಗಿಯ ಕೈನಾಡಿಯನ್ನು ಹಿಡಿಯುವದಕ್ಕೆ ಮುಂಚೆ ಈ ಪಂಡಿತರು ಎಷ್ಟು ಬಾಗಲುಗಳ ಮುಂದೆ ನಿಲ್ಲಬೇಕಾಯಿತೆಂಬದನ್ನು ಬಲ್ಲವರು ಕಡಿಮೆ. ಅದನ್ನೇ ಈ ಸಾರಿ ಬರೆಯಲು ಮನಸ್ಸು ಮಾಡಿದ್ದೇವೆ.

ಅವರು 1875ನೆಯ ಜನವರಿ 14ರಂದು ಆಲ್ಸಾಸ್ ಸೀಮೆಯಲ್ಲಿ ಒಬ್ಬ ಪಾದ್ರಿಯ ಮಗನಾಗಿ ಹುಟ್ಟಿದರು. 1834ರಲ್ಲಿ ಮಂಗಳೂರಿಗೆ ಮಿಶನರಿಗಳನ್ನು ಕಳುಹಿಸಿದ ಬಾಸೆಲ್ ಪಟ್ಟಣಕ್ಕೆ ಈ ಸೀಮೆ ನೆರೆಯದು. ಅದು ಮೊದಲು ಫ್ರಾನ್ಸ್ ದೇಶಕ್ಕೆ ಸೇರಿದ್ದು, 1871ರಲ್ಲಿ ಯುದ್ಧದ ತರುವಾಯ ಜರ್ಮನರ ಪಾಲಾಗಿತ್ತು. ಹೀಗಿರಲಾಗಿ ಶ್ವೈಟ್ಜರರು ಫ್ರೆಂಚ್ ಭಾಷೆಯನ್ನು ಬಾಲ್ಯದಿಂದ ಬಲ್ಲವರಾದರೂ ಜರ್ಮನ್ ಪ್ರಜೆಯೇ. ಇದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಸ್ಟ್ರಾಸ್‌ಬುರ್ಗ್ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಅವರು 1899ರಲ್ಲಿ ತತ್ವಶಾಸ್ತ್ರದ ಡಾಕ್ಟರ್ ಪದವಿಯನ್ನೂ, ಮರುವರುಷ ದೇವಶಾಸ್ತ್ರದ ಪದವಿಯನ್ನೂ ಪಡೆದು, ಅಲ್ಲಿಯೇ ಉಪಾಧ್ಯಾಯರಾಗಿ, ಸಭೆಯ ಬೋಧಕರೂ ಆಗಿದ್ದರು. ಆರ್ಗನ್ ವಾದ್ಯವನ್ನು ನುಡಿಸುವದರಲ್ಲಿ ಅವರಿಗೆ ಸಮನಾದವರು ಕೆಲವರೇ. 1904ರಲ್ಲಿ ಒಂದು ದಿನ ಪ್ಯಾರಿಸ್ ಮಿಶನ್ ಸಂಘದ ಹಸುರು ಹೊದಿಕೆಯ ಮಾಸಪತ್ರಿಕೆಯೊಂದು ಅವರ ಮೇಜಿನ ಮೇಲೆ ಬಿದ್ದಿತ್ತು. ಅದನ್ನು ಬದಿಗಿಡುವಷ್ಟರಲ್ಲಿ ಗಬೋನ್ ಸೀಮೆಯಲ್ಲಿ ಕೆಲಸದವರು ಸಾಲದೆಂಬ ಲೇಖನವು ಕಣ್ಣಿಗೆ ಬಿದ್ದು, ಅವರ ಜೀವಮಾನದ ದಾರಿಯೇ ತಿರುಗಿತು. (ಇಂಥಾ ಚಿಕ್ಕ ಪತ್ರಿಕೆಗೆ ಬರೆಯುವ ನಮ್ಮಂಥವರಿಗೆ ಈ ಸಂಗತಿಯು ಸ್ವಲ್ಪ ಧೈರ್ಯ ಕೊಡುತ್ತದೆಂದು ಒಪ್ಪಿಕೊಳ್ಳುತ್ತೇವೆ.)

ಮಾತಿನಿಂದಲ್ಲ, ಕೈಯಿಂದಲೇ ಸೇವೆಮಾಡಬೇಕೆಂದು ನಿಶ್ಚಯಿಸಿ, ಮೂವತ್ತು ವರುಷ ತುಂಬಿದ ಮೇಲೆ, 1905ರ ಅಕ್ಟೋಬರ್ ತಿಂಗಳಲ್ಲಿ, ವೈದ್ಯಶಾಸ್ತ್ರ ಕಲಿಯುವೆನೆಂದು ಬಂಧುಮಿತ್ರರಿಗೆ ಕಾಗದ ಬರೆದರು. ಅವರೆಲ್ಲರೂ ಬೇಸರಗೊಂಡರು. ವಿಶ್ವವಿದ್ಯಾಲಯದಲ್ಲಿಯೂ ಒಂದು ತೊಡಕು ಎದ್ದಿತು. ಯಾಕಂದರೆ ಅಲ್ಲಿ ಉಪಾಧ್ಯಾಯನಾಗಿರುವವನು ಅಲ್ಲಿಯೇ ವಿದ್ಯಾರ್ಥಿಯಾಗಿ ಹೆಸರು ಬರೆಸಿಕೊಳ್ಳಕೂಡದೆಂಬ ನಿಯಮವಿತ್ತು. ಹೆಸರು ಬರೆಸದೆ ಪಾಠ ಕೇಳಿದರೆ ಪರೀಕ್ಷೆಗೆ ಕೂರುವಂತಿಲ್ಲ. ಕಡೆಗೆ ಪಾಠಕ್ಕೆ ಬಂದದ್ದುಂಟೆಂದು ಗುರುಗಳು ಬರೆದುಕೊಟ್ಟರೆ ಸಾಕೆಂದು ಸರಕಾರದವರು ಅಪ್ಪಣೆ ಕೊಟ್ಟರು. ಗುರುಗಳೂ ಜೊತೆಯ ಉಪಾಧ್ಯಾಯನೆಂದು ಶುಲ್ಕವಿಲ್ಲದೆ ಕಲಿಸಿದರು. 1911ರ ದಶಂಬರದಲ್ಲಿ ಪರೀಕ್ಷೆ ಮುಗಿಯಿತು. ಅದರ ಶುಲ್ಕವನ್ನು ಮ್ಯೂನಿಕ್ ಪಟ್ಟಣದಲ್ಲಿ ಆರ್ಗನ್ ನುಡಿಸಿ ಸಂಪಾದಿಸಿದ್ದರು.

ಇನ್ನು ಹೊರಡುವದಷ್ಟೇ ಬಾಕಿಯೆಂದು ನಾವು ನೆನಸಬಹುದು. ಹಾಗಲ್ಲ. ಗಬೋನ್ ಆಗ ಫ್ರೆಂಚ್ ಸರಕಾರದ ಆಳಿಕೆಯಲ್ಲಿತ್ತು. ಲಾಂಬರೆನೆಯ ಮಿಶನನ್ನು ಮೊದಲು ಸ್ಥಾಪಿಸಿದವರು ಅಮೇರಿಕದ ಪ್ರೆಸ್ಬಿಟೀರಿಯನ್ ಮಿಶನರಿಗಳು. ಶಾಲೆಗಳಲ್ಲಿ ಫ್ರೆಂಚ್ ಭಾಷೆಯಲ್ಲಿಯೇ ಕಲಿಸಬೇಕೆಂಬ ಅಪ್ಪಣೆಯನ್ನು ನಡಿಸಲು ಅವರಿಂದಾಗದೆ, ಆ ಕೆಲಸವು ಪ್ಯಾರಿಸ್ ಸಂಘದ ಕೈಗೆ ಬಂದಿತ್ತು. ಶಾಲೆಯ ಉಪಾಧ್ಯಾಯನಿಗೆ ಭಾಷೆ ಹೇಗೋ ವೈದ್ಯನಿಗೆ ಪದವಿಪತ್ರವು ಹಾಗೆ. ಶ್ವೈಟ್ಜರರ ಕೈಯಲ್ಲಿದ್ದದ್ದು ಜರ್ಮನ್ ಪದವಿಪತ್ರ. ಫ್ರೆಂಚ್ ಸೀಮೆಯಲ್ಲಿ ವೈದ್ಯ ಮಾಡಬೇಕಾದರೆ ವಸಾಹತುಗಳ ಇಲಾಖೆಯವರ ವಿಶೇಷ ಅಪ್ಪಣೆ ಬೇಕಾಯಿತು. ಮನುಷ್ಯನ ಶರೀರವು ರೈನ್ ನದಿಯ ಈಚೆಗೊಂದು ಬಗೆ, ಆಚೆಗೊಂದು ಬಗೆಯೋ ಎಂದು ಕೇಳಬೇಕೆನಿಸುತ್ತದೆ. ಆದರೂ ನಿಯಮವನ್ನು ಸುಮ್ಮನೆ ನಿಂದಿಸುವದು ನಮ್ಮ ಮನಸ್ಸಿಗೆ ಒಪ್ಪುವದಿಲ್ಲ. ಡಾಕ್ಟರೆಂದು ಹೇಳಿಕೊಂಡು ಸೂಜಿಮದ್ದು ಚುಚ್ಚಿ ಹಣ ಕಿತ್ತು ಹೋಗುವವರನ್ನು ಹಳ್ಳಿಯವರಾದ ನಾವು ಕಂಡಿಲ್ಲವೇ? ಪತ್ರವನ್ನು ತೋರಿಸೆಂದು ಕೇಳುವದು ತಪ್ಪಲ್ಲ. ನೂರಾರು ಮೈಲಿಯಲ್ಲಿ ಬೇರೆ ವೈದ್ಯನೇ ಇಲ್ಲದ ಕಡೆಯಲ್ಲಿ ಪತ್ರದ ಬಣ್ಣವನ್ನು ನೋಡಿ ಬಾಗಲು ಮುಚ್ಚುವದೇ ತಪ್ಪು.

ಇದಕ್ಕಿಂತಲೂ ಬಿಗಿಯಾದ ಬಾಗಲು ಮಿಶನ್ ಸಂಘದ್ದೇ. ತನ್ನ ಖರ್ಚನ್ನು ತಾನೇ ಹೊರುವೆನೆಂದು ಶ್ವೈಟ್ಜರರು ಹೇಳಿದರೂ ಕಮಿಟಿಯವರಲ್ಲಿ ಕೆಲವರು ಅನುಮಾನಿಸಿದರು. ಯೇಸುವಿನ ಚರಿತ್ರೆಯ ಕುರಿತು ಅವರು 1906ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಸಭೆಯ ವಾಡಿಕೆಯ ಬೋಧನೆಗೆ ಹೊಂದದ ಮಾತುಗಳಿದ್ದವು. ಕಮಿಟಿಯವರ ಭಯವು ಆಧಾರವಿಲ್ಲದ್ದೆಂದು ನಾವು ಹೇಳಲಾರೆವು. ವಿಶ್ವಾಸವನ್ನು ಪರೀಕ್ಷಿಸುವದಕ್ಕಾಗಿ ಕಮಿಟಿಯ ಮುಂದೆ ನಿಲ್ಲಬೇಕೆಂದು ಕೇಳಿದಾಗ ಶ್ವೈಟ್ಜರರು ಒಪ್ಪಲಿಲ್ಲ. ಕರ್ತನು ಶಿಷ್ಯರನ್ನು ಕರೆದಾಗ ಹಿಂಬಾಲಿಸಬೇಕೆಂಬದರ ಹೊರತು ಬೇರೇನೂ ಕೇಳಲಿಲ್ಲವೆಂಬದು ಅವರ ಎಣಿಕೆ. ಆದರೆ ಕೋಪದಿಂದ ಹಿಂದಿರುಗಲೂ ಇಲ್ಲ. ಕಮಿಟಿಯವರನ್ನು ಒಬ್ಬೊಬ್ಬರನ್ನಾಗಿ ಅವರವರ ಮನೆಯಲ್ಲಿಯೇ ಕಂಡು ಮಾತಾಡುವೆನೆಂದು ಹೇಳಿ, ಪ್ಯಾರಿಸ್ ಪಟ್ಟಣದ ಬೀದಿಗಳಲ್ಲಿ ಮನೆಯಿಂದ ಮನೆಗೆ ಹೋದರು. ಮೂರು ಶಾಸ್ತ್ರಗಳನ್ನು ಕಲಿತ ಪಂಡಿತನು ಕೂಲಿಯಿಲ್ಲದ ಕೆಲಸಕ್ಕಾಗಿ ಹೀಗೆ ಮೆಟ್ಟಲು ಹತ್ತಿ ಇಳಿಯುವದನ್ನು ವಾಚಕರು ಸ್ವಲ್ಪ ಯೋಚಿಸಲಿ. ಕೆಲವರು ತಣ್ಣಗೆ ಮಾತಾಡಿದರು, ಹೆಚ್ಚಿನವರು ಮೃದುವಾದರು. ತಾನು ವೈದ್ಯನಾಗಿ ಮಾತ್ರ ಇದ್ದು, ಬೋಧನೆಯ ವಿಷಯದಲ್ಲಿ ಮೀನಿನಂತೆ ಮೂಕನಾಗಿರುವೆನೆಂದು ಅವರು ಮಾತು ಕೊಟ್ಟ ಮೇಲೆ ಅನುಮತಿ ದೊರೆಯಿತು. ಆದರೂ ಒಬ್ಬ ಸದಸ್ಯನು ಕಮಿಟಿಯನ್ನೇ ಬಿಟ್ಟುಹೋದನು.

ಕಡೆಯದಾಗಿ ಉಳಿದ ವಸಾಹತುಗಳ ಇಲಾಖೆಯ ಅಪ್ಪಣೆಯೂ ಬಲ್ಲವರಾದ ಕೆಲವು ದೊಡ್ಡ ಮನುಷ್ಯರ ಸಹಾಯದಿಂದ ಬಂದಿತು. ಎಪ್ಪತ್ತು ಪೆಟ್ಟಿಗೆಗಳ ಸಾಮಾನು ಸಿದ್ಧವಾಯಿತು. ಯುದ್ಧ ಬಂದೀತೆಂದು ಹೆದರಿ, ಶ್ವೈಟ್ಜರರು ಎರಡು ಸಾವಿರ ಮಾರ್ಕುಗಳನ್ನು ಕಾಗದದ ಹಣವಾಗಿ ಅಲ್ಲ, ಬಂಗಾರವಾಗಿಯೇ ಕಟ್ಟಿಕೊಂಡರು. 1912ರಲ್ಲಿ ಮದುವೆಯಾಗಿ, ದಾದಿಯ ಕೆಲಸ ಕಲಿತಿದ್ದ ಹೆಲೇನಮ್ಮನವರೊಂದಿಗೆ 1913ರ ಮಾರ್ಚ್ ತಿಂಗಳಲ್ಲಿ ಹಡಗು ಹತ್ತಿ, ಎಪ್ರಿಲ್ ತಿಂಗಳಲ್ಲಿ ಲಾಂಬರೆನೆಯನ್ನು ಮುಟ್ಟಿದರು. ಕಟ್ಟಡವಿಲ್ಲದ್ದರಿಂದ ಒಂದು ಹಳೇ ಕೋಳಿಗೂಡಿಗೆ ಸುಣ್ಣ ಬಳಿದು ಅದರಲ್ಲಿ ರೋಗಿಗಳನ್ನು ನೋಡಲು ತೊಡಗಿದರು. ದೂರದೂರುಗಳಿಂದ ದೋಣಿಗಳಲ್ಲಿ ರೋಗಿಗಳು ಬಂದರು. ಅವರ ಪದವಿಪತ್ರವು ಯಾವ ದೇಶದ್ದೆಂದು ಅವರಲ್ಲಿ ಯಾರೂ ಕೇಳಲಿಲ್ಲ. ಅಲ್ಲಿದ್ದ ಮಿಶನರಿಗಳು ಕೆಲವು ತಿಂಗಳುಗಳಲ್ಲಿಯೇ ಅವರನ್ನು ಮೌನದ ಮಾತಿನಿಂದ ಬಿಡಿಸಿ, ತಮ್ಮೊಂದಿಗೆ ಪ್ರಸಂಗ ಮಾಡಬೇಕೆಂದು ಬೇಡಿಕೊಂಡರು.

1914ರ ಆಗಸ್ಟಿನಲ್ಲಿ ಯುದ್ಧ ಬಂತು. ಅದೇ ಯುದ್ಧದಲ್ಲಿ ಬಾಸೆಲ್ ಮಿಶನಿನ ಜರ್ಮನ್ ಮಿಶನರಿಗಳು ನಮ್ಮ ಸೀಮೆಯಿಂದಲೂ ಕಾವಲಿಗೆ ಒಯ್ಯಲ್ಪಟ್ಟದ್ದನ್ನು ಹಿರಿಯರ ಬಾಯಿಂದ ಕೇಳಿದ್ದೇವೆ. ಲಾಂಬರೆನೆಯಲ್ಲಿ ಶ್ವೈಟ್ಜರ್ ದಂಪತಿಗಳನ್ನು ವೈರಿ ದೇಶದವರೆಂದು ಮನೆಯಲ್ಲಿಯೇ ಕಾವಲಿನಲ್ಲಿಟ್ಟರು. ರೋಗಿಗಳನ್ನು ಮುಟ್ಟಕೂಡದೆಂದು ಅಪ್ಪಣೆಯಾಯಿತು. ಆದರೆ ಜ್ವರವೂ ಹುಣ್ಣೂ ಯುದ್ಧಕ್ಕಾಗಿ ನಿಲ್ಲಲಿಲ್ಲ. ಕರಿಯರೂ ಬಿಳಿಯರೂ ಕೂಡಿ ಮೊರೆಯಿಡಲು, ಜಿಲ್ಲೆಯ ಅಧಿಕಾರಿಯೇ ಒಬ್ಬೊಬ್ಬ ರೋಗಿಗೆ ಚೀಟಿ ಬರೆದು, ಇವನನ್ನು ಒಳಗೆ ಬಿಡಿರೆಂದು ಕಾವಲುಗಾರರ ಬಳಿಗೆ ಕಳುಹಿಸಬೇಕಾಯಿತು. ಆ ವರುಷದ ನವಂಬರದಲ್ಲಿ ಕಾವಲು ತೆಗೆಯಲ್ಪಟ್ಟಿತು.

1917ರಲ್ಲಿ ಅವರನ್ನು ಫ್ರಾನ್ಸ್ ದೇಶಕ್ಕೆ ಒಯ್ದು, ಗರೇಸನ್ ಎಂಬಲ್ಲಿಯ ಸೆರೆಯಲ್ಲಿಟ್ಟರು. ಅಲ್ಲಿಗೆ ನೇಮಕವಾದ ವೈದ್ಯನು ಬೇರೊಬ್ಬನಿದ್ದದ್ದರಿಂದ ಮೇಲಧಿಕಾರಿಯು ಮೊದಲು ಶ್ವೈಟ್ಜರರಿಗೆ ಚಿಕಿತ್ಸೆ ಮಾಡಲು ಬಿಡಲಿಲ್ಲ. ಸೆರೆಯವರಲ್ಲಿ ರೋಗಿಗಳು ಅನೇಕರಿದ್ದರೂ ಕೈಕಟ್ಟಿ ಕೂತಿರಬೇಕಾಯಿತು. ತರುವಾಯ ಅದೇ ಅಧಿಕಾರಿಯು ಮನಸ್ಸು ತಿರುಗಿಸಿ, ರೋಗಿಗಳನ್ನು ನೋಡಲು ಒಂದು ಕೋಣೆಯನ್ನೂ ಕೊಟ್ಟನು.

1918ರಲ್ಲಿ ಬಿಡುಗಡೆಯಾಗಿ ಊರಿಗೆ ಬಂದ ಕೆಲವೇ ತಿಂಗಳುಗಳಲ್ಲಿ ಯುದ್ಧ ಮುಗಿದು, ಆಲ್ಸಾಸ್ ಸೀಮೆ ಪುನಃ ಫ್ರಾನ್ಸಿಗೆ ಸೇರಿತು. ಹೀಗೆ ವೈರಿ ದೇಶದವರೆಂದು ಸೆರೆಯಲ್ಲಿದ್ದ ಶ್ವೈಟ್ಜರರು, ಮನೆಯನ್ನಾಗಲಿ ಭಾಷೆಯನ್ನಾಗಲಿ ಬದಲಾಯಿಸದೆ ಫ್ರೆಂಚ್ ಪ್ರಜೆಯಾದರು. ಮಿಶನ್ ಸಂಘದ ಸಾಲವನ್ನೂ ಸ್ನೇಹಿತರ ಸಾಲವನ್ನೂ ತೀರಿಸುವದಕ್ಕಾಗಿ ಕೆಲವು ವರುಷ ಆರ್ಗನ್ ನುಡಿಸಿ, ಉಪನ್ಯಾಸ ಮಾಡಿ ದುಡಿದರು. ಅಸ್ವಸ್ಥರಾಗಿದ್ದ ಹೆಲೇನಮ್ಮನವರನ್ನೂ ಐದು ವರುಷದ ಮಗಳನ್ನೂ ಊರಿನಲ್ಲಿ ಬಿಟ್ಟು, 1924ರ ಎಪ್ರಿಲ್ ತಿಂಗಳಲ್ಲಿ ಲಾಂಬರೆನೆಗೆ ತಿರುಗಿ ಬಂದರು. ಆಸ್ಪತ್ರೆಯ ಗುಡಿಸಲುಗಳು ಬಿದ್ದು, ದಾರಿಯ ಮೇಲೆ ಕಾಡು ಬೆಳೆದಿತ್ತು. ಸೂರುಗಳಿಗೆ ಗರಿಯೇ ಇರಲಿಲ್ಲ. ಬಂದ ದಿನದಿಂದಲೇ ರೋಗಿಗಳು ಕಾದಿದ್ದರು. ಆದಕಾರಣ ಬೆಳಿಗ್ಗೆ ರೋಗಿಗಳನ್ನು ನೋಡಿ, ತರುವಾಯ ದೋಣಿಯಲ್ಲಿ ಹಳ್ಳಿಯಿಂದ ಹಳ್ಳಿಗೆ ಹೋಗಿ, ಹೆಣೆದ ಗರಿಗಳನ್ನು ಕೊಡಿರೆಂದು ಮನೆಮನೆಯ ಮುಂದೆ ಬೇಡಿದರು.